ಶಿವಲಕ್ಷ್ಮಿಯ ಸಂತೆ ತೂಕ

"ಇಳಿಯಮ್ಮಾ ಕೆಳಗೆ. ಅದು ಕುರಿ ತೂಗೋ ಮಿಷನ್ನು. ಮನುಷ್ಯರು ಮೇಲೆ ಅತ್ತಾಕಲ್ಲ."

"ಮೇಲೆ ಅತ್ತಿದ್ರೆ ಏನಾಯ್ತು? ನಿಮ್ಮಪ್ಪನ ಮನೆ ಗಂಟು ಕರಗೋಯ್ತಾ?"

"ನಮ್ಮಪ್ಪನ ಸುದ್ದಿ ಬ್ಯಾಡ. ಇಳಿ ಅಂದ್ರೆ ಇಳಿ."

"ಯಾಕೆ, ಮುರಿದೋಯ್ತದಾ? ಅದನ್ನೇ ತಾನೇ ನೀನು ಹೇಳಾಕೆ ಬಂದಿದ್ದು? ಬಾಯ್ಬಿಟ್ಟು ಹೇಳು. ಊರೋರೆಲ್ಲಾ ಹೇಳ್ತಾರೆ, ನೀನೊಬ್ಬ ಯಾಕೆ ಬಾಕಿ?"

ತಮಿಳುನಾಡಿನ ಸೇಲಂ ಕಡೆಯ ಮೇಚೇರಿ ಸಂತೆ ಮೈದಾನದಲ್ಲಿ ಆಗಿನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕುರಿ ತುಂಬಿದ ಗಾಡಿಗಳು ಬರುವುದಕ್ಕೆ ಹೊತ್ತಿತ್ತು. ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಅದರ ಮುಂದೆ ಬಯಲಲ್ಲಿ ತೂಕದ ಮಿಷನ್ನು, ಅದರ ಮೇಲೆ ಕುರಿ ನಿಲ್ಲಿಸುವ ಕಬ್ಬಿಣದ ಪಂಜರ. ಆ ಪಂಜರದೊಳಗೆ ಶಿವಲಕ್ಷ್ಮಿ ಸರಳು ಹಿಡಿದು ನಿಂತಿದ್ದಳು. ಹೊರಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಗಂಡಸೊಬ್ಬ, ಕೈಯಲ್ಲಿ ಒಂದು ತಟ್ಟೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡಿದ್ದ.

"ಮೂರು ಟಗರು ಒಳಗೇ ಗುದ್ದಾಡಿದ್ರೂ ಅದು ಮುರಿಯಲ್ಲ," ಅಂದ ಅವನು. ದನಿ ಸ್ವಲ್ಪ ಇಳಿದಿತ್ತು. "ಕಾಲು ನೋಡ್ಕೊ. ಚಪ್ಪಲಿ ಆಕ್ಕೊಂಡು ಅತ್ತಿದ್ದೀಯ. ಸಂತೆ ದಿನ ಇನ್ನೂ ಕರ್ಪೂರ ಹಚ್ಚಿಲ್ಲ ಅದಕ್ಕೆ."

ಶಿವಲಕ್ಷ್ಮಿ ತಲೆ ಬಗ್ಗಿಸಿ ನೋಡಿಕೊಂಡಳು. ಹೌದು. ಕಾಲಲ್ಲಿ ಚಪ್ಪಲಿ. ಅವನ ತಟ್ಟೆಯಲ್ಲಿ ಕುಂಕುಮ, ಕರ್ಪೂರ, ಒಂದು ನಿಂಬೆಹಣ್ಣು.

ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು. ಆದರೆ ನಾಲಿಗೆ ಸೋಲಬೇಕಲ್ಲ...

"ಮೊದ್ಲೇ ಹೇಳಾಕೆ ಏನಾಗಿತ್ತು?" ಅಂತ ಗೊಣಗುತ್ತಾ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟಳು.

ಜಗಳ ಶುರುವಾಗಿದ್ದು ತಮಿಳಿನಲ್ಲಿ. ಕೋಪ ಏರಿದ ಹಾಗೆ ಇಬ್ಬರೂ ತಮಗೇ ಗೊತ್ತಿಲ್ಲದೆ ಮನೆಮಾತಿಗೆ ತಿರುಗಿದ್ದರು. ಅದು ಅವನಿಗೆ ಈಗ ಹೊಳೆಯಿತು.

"ನಿಲ್ಲು. ನಮ್ಮ ಮಾತು ಆಡ್ತೀಯಲ್ಲ, ಯಾವೂರು?"

"ಯಾವೂರಾದ್ರೆ ನಿಂಗೇನು?"

"ಏನೂ ಇಲ್ಲ. ಈ ಸಂತೇಲಿ ಬೈಸ್ಕೊಳ್ಳೋದೂ ತಮಿಳಲ್ಲೇ ಆಗೋಗಿತ್ತು. ಭಾಳ ದಿನ ಆದ್ಮೇಲೆ ನಮ್ಮ ಮಾತಲ್ಲಿ ಬೈಸ್ಕೊಂಡೆ." ಅವನು ಕರ್ಪೂರ ಹಚ್ಚಿ ಮಿಷನ್ನಿಗೆ ಬೆಳಗಿದ. ಆಮೇಲೆ ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿ ನಿಂತ. "ಬಾ, ಬರಿಗಾಲಲ್ಲಿ ಅತ್ತು. ಇವತ್ತಿನ ಮೊದಲ್ನೇ ತೂಕ ನಿಂದೇ ಇರ್ಲಿ. ನಾನು ನೋಡಲ್ಲ."

ಶಿವಲಕ್ಷ್ಮಿ ಹತ್ತಿದಳು. ಕೆಂಪು ಅಂಕಿ ಕುಣಿದು ಕುಣಿದು ನಿಂತಿತು. ತೊಂಬತ್ತಮೂರು.

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಆ ಕೈಯ ಕಥೆ ಹೇಳಬೇಕು. ಶಿವಲಕ್ಷ್ಮಿ ತನ್ನೂರಿನ ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಮಾಡಿಹಾಕುವವಳು. ವಯಸ್ಸು ಮೂವತ್ತೆರಡು. ಹೆಣ್ಣು ನೋಡೋಕೆ ಬಂದವರು ಬೋಂಡಾ ತಿಂದು, ಅವಳ ತೋಳು ನೋಡಿ, ಆಮೇಲೆ ಹೇಳಿ ಕಳಿಸ್ತೀವಿ ಅಂತ ಹೋದವರೇ. ಅದಕ್ಕೆ ಅವಳು ಅತ್ತಿದ್ದು ಕಮ್ಮಿ. ಆದರೆ ಹೋದ ವರ್ಷ ಅನ್ನದ ಹಂಡೆ ಎತ್ತಿ ಇಳಿಸುವಾಗ ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಸೇಲಂ ದೊಡ್ಡಾಸ್ಪತ್ರೆಯಲ್ಲಿ ಹರ್ನಿಯಾ ಅಂದರು. ಆಪರೇಷನ್ ಮಾಡಬೇಕು, ಆದರೆ ಈ ತೂಕದಲ್ಲಿ ಆಗಲ್ಲ, ಹಾಕಿದ ಹೊಲಿಗೆ ನಿಲ್ಲಲ್ಲ, ಪ್ರಜ್ಞೆ ತಪ್ಪಿಸೋ ಔಷಧಿ ಕೊಡೋದೂ ಅಪಾಯ ಅಂದರು. "ಎಂಬತ್ತನಾಲ್ಕಕ್ಕೆ ಇಳಿಸ್ಕೊಂಡು ಪೊಂಗಲ್ ಆದ್ಮೇಲೆ ಬಾ, ಡೇಟ್ ಕೊಡ್ತೀವಿ."

ಅಲ್ಲೀತನಕ ಕರುಳು ಆ ಗಂಟಿನಲ್ಲಿ ಸಿಕ್ಕಿಹಾಕಿಕೊಂಡರೆ?

"ಆಗ ತಡ ಮಾಡ್ಬೇಡ, ಓಡಿ ಬಾ," ಅಂದಿದ್ದರು ಡಾಕ್ಟರು. ಅವಳ ಊರಿಂದ ಸೇಲಂಗೆ ಓಡಿ ಬರುವುದು ಅಂದರೆ ಏನು ಅಂತ ಡಾಕ್ಟರಿಗೆ ಗೊತ್ತಿರಲಿಲ್ಲ.

ಅವತ್ತಿಂದ ಬೆಳಿಗ್ಗೆ ಕಣ್ಣು ಬಿಡೋಕೆ ಮುಂಚೆ ಅವಳ ಕೈ ಹೊಟ್ಟೆ ಮುಟ್ಟುತ್ತಿತ್ತು. ಗಂಟು ಮೆತ್ತಗಿದೆಯಾ... ಗಟ್ಟಿಯಾಯಿತಾ... ಮೆತ್ತಗಿದ್ದರೆ ಒಂದು ದಿನ ಸಿಕ್ಕಿತು ಅಂತ ಏಳುತ್ತಿದ್ದಳು.

ತೂಕ ನೋಡೋಕೆ ಜಾಗವಿರಲಿಲ್ಲ. ಬಸ್ ಸ್ಟ್ಯಾಂಡಿನ ಮಿಷನ್ನು ನಂಬರನ್ನು ಕೂಗಿ ಹೇಳುತ್ತೆ. ಊರಿನ ನರ್ಸಮ್ಮ ಅವಳ ಅವ್ವನಿಗೆ ಚಿಕ್ಕಮ್ಮನ ಮಗಳು, ಅವಳು ಆ ಮಿಷನ್ನಿಗಿಂತ ಜೋರಾಗಿ ಕೂಗುತ್ತಾಳೆ. ಅದಕ್ಕೇ ಯಾರೂ ಇಲ್ಲದ ಹೊತ್ತಿನಲ್ಲಿ ಈ ಕುರಿ ಪಂಜರ.

"ಯಾಕೆ ಅಂತ ಕೇಳಲ್ವಾ?" ಇಳಿಯುತ್ತಾ ಕೇಳಿದಳು.

"ಹೇಳೋ ಅಂಗಿದ್ರೆ ಹೇಳ್ತೀಯ," ಅಂದ ಅವನು, ಇನ್ನೂ ಬೆನ್ನು ತಿರುಗಿಸಿಕೊಂಡೇ.

ಹೆಸರು ಗಿರಿ. ಪಾಲಕೋಡ್ ಕಡೆಯವನು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಆಳು, ಮೊದಲಾಳಿ, ಅಂದರೆ ಯಜಮಾನ, ಪೊನ್ನುಸ್ವಾಮಿಯ ಕುರಿ ಮಂಡಿಯಲ್ಲಿ ತೂಕದ ಕೆಲಸ. ಊಟ, ನಿದ್ದೆ ಎಲ್ಲಾ ಆ ಶೆಡ್ಡಿನಲ್ಲೇ.

ಅವಳು ಹೇಳಿದಳು. ಯಾಕೆ ಹೇಳಿದೆ ಅಂತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

*

ಅಲ್ಲಿಂದ ಪ್ರತಿ ಸಂತೆ ದಿನ ಮೊದಲನೇ ತೂಕ ಶಿವಲಕ್ಷ್ಮಿಯದು.

ಮಕ್ಕಳು ಬಿಟ್ಟ ಅನ್ನ ದಂಡವಾಗಬಾರದು ಅಂತ ತಾನೇ ತಿನ್ನುತ್ತಿದ್ದಳು, ಅದನ್ನು ನಿಲ್ಲಿಸಿ ಕೋಳಿಗಳಿಗೆ ಹಾಕಿದಳು. ಸಂಜೆ ಅವ್ವನ ಬದಲು ತಾನೇ ಕುರಿಗಳ ಹಿಂದೆ ಹೊರಟಳು. ಅದು ಗಿರಿ ಕೊಟ್ಟ ಉಪಾಯ.

"ರೋಡಲ್ಲಿ ಕೈ ಬೀಸ್ಕೊಂಡು ನಡೆದ್ರೆ ಜನ ನಗ್ತಾರೆ. ಕುರಿ ಹಿಂದೆ ನಡೆದ್ರೆ ಯಾರು ನಗ್ತಾರೆ, ಸ್ಕೂಲಮ್ಮ?"

ಅವನು ಅವಳನ್ನು ಸ್ಕೂಲಮ್ಮ ಅಂತಿದ್ದ. ಅವಳು ಅವನನ್ನು ತೂಕದವರೇ ಅಂತಿದ್ದಳು.

ಅವಳ ಅವ್ವ ಕಾಳಿಯಮ್ಮನಿಗೆ ಮೂಗು ಚುರುಕು. "ಏನ್ಲೇ ಶಿವಿ, ಕುರಿ ಸಂತೆಗೆ ಓಗಾಕೆ ಇಷ್ಟು ಹೊತ್ತು ತಲೆ ಬಾಚ್ತೀಯ? ಟಗರೇನಾದ್ರೂ ನಿನ್ನ ನೋಡಾಕೆ ಬತ್ತೈತಾ?"

"ಸುಮ್ಕಿರವ್ವ."

"ನಾನು ಸುಮ್ಕೇ ಇದ್ದೀನಿ. ಕನ್ನಡಿ ಸುಮ್ಕಿಲ್ಲ."

ಮೊದಲು ತೂಕ ಬೇಗ ಇಳಿಯಿತು. ತೊಂಬತ್ತೆರಡು, ತೊಂಬತ್ತೊಂದು, ತೊಂಬತ್ತು. ಆಮೇಲೆ ನಿಂತುಬಿಟ್ಟಿತು. ಎಂಬತ್ತೊಂಬತ್ತೂವರೆಯ ಹತ್ತಿರ ಬಂದು, ಕೆಸರಿನಲ್ಲಿ ಹೂತ ಗಾಡಿಯ ಹಾಗೆ, ಎಷ್ಟು ಎಳೆದರೂ ಅಲ್ಲೇ. ಅವಳು ರಾತ್ರಿ ಅನ್ನ ಬಿಟ್ಟಳು. ಹೊತ್ತು ಹುಟ್ಟುವ ಮೊದಲೂ ನಡೆದಳು. ಮುಂದಿನ ಸಂತೆಗೆ ಬಂದು ಹತ್ತಿದರೆ ಅರ್ಧ ಕಿಲೋ ಜಾಸ್ತಿ.

ಅವಳು ಇಳಿದು ಪಕ್ಕದ ಕಲ್ಲಿನ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಗಿರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಬಿಡ್ತೀನಿ," ಅಂದಳು.

"ಏನು?"

"ಎಲ್ಲಾನೂ. ನಡೆಯೋದು, ಉಪವಾಸ, ನಿಮ್ಮ ಮಿಷನ್ನು. ಇದು ನನ್ನ ಮೈ. ನನ್ನ ಮಾತೇ ಕೇಳಲ್ಲ. ಒಡೆಯೋದಾದ್ರೆ ಒಡೀಲಿ. ಒಂದೇ ಸಲಕ್ಕೆ ಮುಗೀಲಿ."

"ಅಂಗೆಲ್ಲಾ ಅನ್ಬೇಡ."

"ಅನ್ಬೇಡ ಅಂದ್ರೆ? ದಿನಾ ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡ್ಕೊಂಡು ಏಳೋಳು ನಾನು. ನೀವಾ?"

ಗಿರಿ, ಅವಳು ಬೆನ್ನು ಬಗ್ಗಿಸಿ ಮೈದಾನ ದಾಟಿ ಹೋಗುವುದನ್ನು ನೋಡುತ್ತಾ ನಿಂತ. ಇವಳು ಬರದ ಸಂತೆ ಹೇಗಿರುತ್ತೆ... ಅದನ್ನು ಯೋಚಿಸೋಕೂ ಅವನಿಗೆ ಆಗಲಿಲ್ಲ.

ಆದರೂ ಮುಂದಿನ ವಾರ ಅವಳು ಬಂದಳು. ಕೊನೇ ಸಲ ಅಂತ ಹೇಳಿಕೊಂಡೇ ಬಂದಳು. ಮಿಷನ್ನಿನ ಅಂಕಿ ಬರುವ ಡಬ್ಬಿಯ ಮೇಲೆ ಗಿರಿಯ ಟವೆಲ್ಲು ಇತ್ತು. "ಇಬ್ಬನಿ ಬೀಳ್ತದೆ," ಅಂದ. ಅವಳು ಹತ್ತಿ ನಿಂತ ಮೇಲೆ ಟವೆಲ್ಲು ತೆಗೆದ.

ಎಂಬತ್ತೊಂಬತ್ತು.

"ಇಳೀತು," ಅಂದಳು ಶಿವಲಕ್ಷ್ಮಿ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ನೋಡಿ ತೂಕದವರೇ, ಇಳೀತು."

ಎಷ್ಟು ದಿನದ ಮೇಲೆ ಅವಳು ನಕ್ಕಿದ್ದು! ಗಿರಿಯೂ ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ. ಅದನ್ನು ಅವಳು ನೋಡಲಿಲ್ಲ.

*

ಅಲ್ಲಿಂದ ಅವಳಿಗೆ ಹೊಸ ಜೀವ ಬಂತು. ಎಂಬತ್ತೆಂಟು. ಎಂಬತ್ತಾರೂವರೆ. ಎಂಬತ್ತೈದು.

ಗಿರಿ ಅವಳಿಗಾಗಿ ಸೌತೆಕಾಯಿ ಹೆಚ್ಚಿ ಉಪ್ಪು ಹಾಕದೆ ಇಡುತ್ತಿದ್ದ. ಅವಳ ಕುರಿಗಳಿಗೆ ಅಂತ ಜಾಲಿಕಾಯಿ ಆರಿಸಿ ಚೀಲ ಕಟ್ಟಿ ಕೊಡುತ್ತಿದ್ದ. ಒಂದು ಬೆಳಿಗ್ಗೆ ಚೀಲ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದೆ ತೆಗೆದರು. ಚೀಲ ಕೆಳಗೆ ಬಿತ್ತು, ಜಾಲಿಕಾಯಿ ಚೆಲ್ಲಾಪಿಲ್ಲಿ.

"ಕಣ್ಣು ನೆತ್ತಿ ಮೇಲೈತಾ?" ಅಂದಳು ಅವಳು.

"ಕೆಳಗೇ ಐತೆ. ಅದೇ ತೊಂದ್ರೆ," ಅಂದ ಅವನು, ಜಾಲಿಕಾಯಿ ಆರಿಸುತ್ತಾ.

ಆ ಮಾತನ್ನು ಅವಳು ಎಷ್ಟು ಸಲ ತಿರುಗಿಸಿ ನೋಡಿದಳೋ. ಅವನಿಗೆ ಇಷ್ಟವಾ? ಕನಿಕರವಾ? ತೂಕ ಇಳಿದ ಮೇಲೆ ಕೇಳೋಣ. ಆಪರೇಷನ್ ಆದ ಮೇಲೆ. ಈಗ ಕೇಳಿ ಇಲ್ಲ ಅಂದುಬಿಟ್ಟರೆ, ಸಂತೆ ದಿನದ ಆ ಬೆಳಗೂ ಇರಲ್ಲ...

ಪೊಂಗಲ್ ಮುಗಿದ ವಾರ ಮಿಷನ್ನು ಎಂಬತ್ತಮೂರು ತೋರಿಸಿತು.

"ನಾಳೆ ಸೇಲಂಗೆ ಓಗ್ತೀನಿ," ಅಂದಳು. "ನೀವೂ ಬರ್ತೀರಾ? ಒಬ್ಬಳೇ ಭಯ."

ಗಿರಿಯ ಮುಖ ಕಪ್ಪಿಟ್ಟಿತು. "ಇನ್ನೊಂದು ತಿಂಗಳು ಬಿಟ್ಟು ಓದ್ರೆ ಆಗಲ್ವಾ?"

"ಯಾಕೆ? ಎಂಬತ್ತನಾಲ್ಕಕ್ಕೂ ಕೆಳಗೇ ಐತಲ್ಲ."

ಅವನು ಟವೆಲ್ಲು ಕೊಡವಿದ. ಮಡಿಸಿದ. ಮತ್ತೆ ಕೊಡವಿದ. "ಬರ್ತೀನಿ," ಅಂದ.

*

ಆಸ್ಪತ್ರೆಯ ಮಿಷನ್ನು ಎಂಬತ್ತಾರೂವರೆ ತೋರಿಸಿತು.

"ಇದು ಸರಿ ಇಲ್ಲ," ಅಂದಳು ಶಿವಲಕ್ಷ್ಮಿ. ನರ್ಸು ಇನ್ನೊಂದು ಕೋಣೆಯ ಮಿಷನ್ನಿನ ಮೇಲೆ ನಿಲ್ಲಿಸಿದಳು. ಅಲ್ಲೂ ಅಷ್ಟೇ.

"ನಿನ್ನೆ ಎಂಬತ್ತಮೂರು ಇತ್ತು ಮೇಡಂ. ಇವರನ್ನೇ ಕೇಳಿ, ಇವರು ವಾರ ವಾರ ತೂಕ ಹಾಕೋರು." ಅವಳು ಬಾಗಿಲ ಹತ್ತಿರ ನಿಂತಿದ್ದ ಗಿರಿಯ ಕಡೆ ತಿರುಗಿದಳು. "ಹೇಳಿ ತೂಕದವರೇ."

ಗಿರಿ ನೆಲ ನೋಡುತ್ತಿದ್ದ.

"ಇನ್ನುಂ ಕೊಂಜಂ ಕುರೈಕ್ಕಣುಂ ಮಾ," ಅಂದರು ಡಾಕ್ಟರಮ್ಮ. ಇನ್ನೂ ಸ್ವಲ್ಪ ಇಳಿಸಬೇಕಂತೆ. ಇಷ್ಟು ಇಳಿಸಿದ್ದೇ ಒಳ್ಳೆಯದಂತೆ, ನಿಧಾನ ಇಳಿದದ್ದು ನಿಲ್ಲುತ್ತಂತೆ, ಎರಡು ತಿಂಗಳು ಬಿಟ್ಟು ಬರಬೇಕಂತೆ. ಆ ಮಾತೊಂದೂ ಆಗ ಶಿವಲಕ್ಷ್ಮಿಯ ಮನಸ್ಸಿಗೆ ಇಳಿಯಲಿಲ್ಲ. ಅವಳು ಗಿರಿಯ ಮುಖವನ್ನೇ ನೋಡುತ್ತಿದ್ದಳು.

ಹೊರಗೆ ಬಸ್ ಸ್ಟಾಪಿನ ಹತ್ತಿರ ಅವಳೇ ನಿಂತಳು.

"ಏನು ಮಾಡಿದೆ?"

ನೀವು ಹೋಗಿ ನೀನು ಬಂದಿತ್ತು. ಗಿರಿಗೆ ಅದೇ ಮೊದಲ ಏಟು.

"ಅವತ್ತು ನೀನು ಒಡೀಲಿ ಅಂದ್ಯಲ್ಲ..." ಅಂದ ಗಿರಿ. "ನಂಗೆ ಭಯ ಆಯ್ತು. ಮಿಷನ್ನಿನ ಮೇಲೆ ಕಲ್ಲಿಟ್ಟು ಸೊನ್ನೆ ಒತ್ತಿ ಕಲ್ಲು ತೆಗೆದ್ರೆ, ಆ ಕಲ್ಲಿನಷ್ಟು ಕಮ್ಮಿ ತೋರಿಸ್ತದೆ. ಒಂದು ವಾರ ಮಾತ್ರ ಅನ್ಕೊಂಡೆ. ಮುಂದಿನ ವಾರ ನಿಲ್ಲಿಸಿದ್ರೆ ತೂಕ ಏರಿದ ಅಂಗೆ ಕಾಣ್ತದೆ. ಅದಕ್ಕೆ ಇನ್ನೂ ದೊಡ್ಡ ಕಲ್ಲು."

"ನಂಗೆ ಸುಳ್ಳು ಹೇಳ್ದೆ."

"ನೀನು ನಗ್ತಿದ್ದೆ ಸ್ಕೂಲಮ್ಮ. ನಡೀತಿದ್ದೆ."

"ನಾನು ಸುಳ್ಳನ್ನ ನಂಬಿ ನಡೆದೆ. ನನ್ನ ಹೊಟ್ಟೆ ಸುಳ್ಳು ನಂಬ್ತದಾ? ಒಂದಿನ ಇದು ಸಿಕ್ಕಾಕ್ಕೊಂಡ್ರೆ ನಿನ್ನ ಕಲ್ಲು ಬಂದು ಬಿಡಿಸ್ತದಾ?" ಬಸ್ಸಿಗೆ ಕಾದ ಜನ ತಿರುಗಿ ನೋಡಿದರು. ಅವಳು ಲೆಕ್ಕಿಸಲಿಲ್ಲ. ಅವಳ ತಲೆಯೊಳಗೆ ಇನ್ನೊಂದು ಬಂದಿತ್ತು, ಅದು ಇದಕ್ಕಿಂತ ತಣ್ಣಗಿತ್ತು. "ಈ ವಿದ್ಯೆ ಎಲ್ಲಿ ಕಲಿತೆ?"

ಅವನು ಮುಖ ಬೇರೆ ಕಡೆ ತಿರುಗಿಸಿದ.

"ಹೋದ ವರ್ಷ ನಮ್ಮವ್ವನ ಟಗರು ನಿಮ್ಮ ಮಂಡೀಲೇ ತೂಗಿದ್ದು. ಆವತ್ತೂ ಕಲ್ಲಿತ್ತಾ?"

"ಕಲ್ಲಿಡೋದು ಮೊದಲಾಳಿ," ಅಂದ ಗಿರಿ. "ನಾನು ನೋಡಿ ಸುಮ್ನಿರೋನು. ಅನ್ನ ಹಾಕ್ತಾನೆ ಅಂತ."

ಬಸ್ಸು ಬಂತು. ಶಿವಲಕ್ಷ್ಮಿ ಹತ್ತಿದಳು. ಅವನು ಹತ್ತೋಕೆ ಕಾಲೆತ್ತಿದಾಗ, "ಬೇರೆ ಬಸ್ಸಿಗೆ ಬಾ," ಅಂದಳು. ಅವನು ಕಾಲು ಇಳಿಸಿದ.

*

ಎರಡು ವಾರ ಅವಳು ನಡೆಯಲಿಲ್ಲ, ಸಂತೆಗೂ ಹೋಗಲಿಲ್ಲ. ಸ್ಕೂಲಿನಲ್ಲಿ ಮಿಕ್ಕ ಅನ್ನ ಕೋಳಿಗೆ ಹೋಗಲಿಲ್ಲ.

ಬೆಳಿಗ್ಗೆ ಕೈ ಮಾತ್ರ ಹೊಟ್ಟೆಗೆ ಹೋಗುತ್ತಿತ್ತು. ಮೆತ್ತಗಿದೆಯಾ... ಒಂದು ದಿನ ಗಟ್ಟಿ ಅನ್ನಿಸಿ ಮೈಯೆಲ್ಲಾ ಬೆವೆತು ಎದ್ದು ಕೂತಳು. ಮಲಗಿ, ಉಸಿರು ಬಿಗಿಹಿಡಿದು, ನಿಧಾನ ಒತ್ತಿದ ಮೇಲೆ ಒಳಗೆ ಹೋಯಿತು. ಅಷ್ಟರಲ್ಲಿ ಅರ್ಧ ಜೀವ ಹೋಗಿತ್ತು.

"ಬೆಲ್ಟು ಕಟ್ಕೊಳ್ಳೇ," ಅಂದಳು ಕಾಳಿಯಮ್ಮ. "ಆಸ್ಪತ್ರೇಲಿ ಕೊಟ್ಟಿದ್ದು ಮೊಳೇಲಿ ನೇತಾಡಾಕಾ?"

ಹೊಟ್ಟೆಗೆ ಕಟ್ಟುವ ಅಗಲ ಪಟ್ಟಿ ಅದು. ಮೊದಲ ಸಲ ಕಟ್ಟಿದಾಗ ಅವ್ವ ಹಿಂದೆ ಮಂಡಿಯೂರಿ ಎಳೆದರೂ ಎರಡು ತುದಿ ಒಂದಕ್ಕೊಂದು ಮುಟ್ಟಿದ್ದೇ ಕಷ್ಟ. ಸಂತೆಗೆ ಹೋಗುತ್ತಿದ್ದಷ್ಟು ದಿನ ತಾನೇ ಕಟ್ಟಿಕೊಳ್ಳುತ್ತಿದ್ದಳು, ನೋಡುತ್ತಿರಲಿಲ್ಲ. ಕಣ್ಣೆಲ್ಲಾ ಸಂತೆಯ ಅಂಕಿ ಮೇಲೆ. ಇವತ್ತು ಅವ್ವ ಎಳೆದಳು, ನಿಂತಳು.

"ಲೇ ಶಿವಿ. ಇದು ಎಷ್ಟು ಮೇಲೆ ಬಂದೈತೆ ನೋಡು. ನನ್ನ ಕೈ ಅಷ್ಟಗಲ ಮಿಕ್ಕೈತೆ."

ಶಿವಲಕ್ಷ್ಮಿ ತಲೆ ಬಗ್ಗಿಸಿ ನೋಡಿದಳು. ಒಂದು ತುದಿ ಇನ್ನೊಂದರ ಮೇಲೆ ಏರಿ ಅಂಟಿಕೊಂಡಿತ್ತು. ಅವ್ವನ ಅಂಗೈ ಅಗಲ. ಇದರ ಕೆಳಗೆ ಯಾರೂ ಕಲ್ಲಿಟ್ಟಿರಲಿಲ್ಲ.

"ಅವನು ಸುಳ್ಳು ಹೇಳಿದ್ದನವ್ವ," ಅಂದಳು. ಮೊದಲ ಸಲ ಅಳು ಬಂತು.

"ಯಾವನು? ಟಗರಾ?" ಕಾಳಿಯಮ್ಮ ಮಗಳ ಬೆನ್ನಿಗೆ ಕೈ ಹಾಕಿದಳು. ಎಲ್ಲಾ ಕೇಳಿದಳು. ಕೇಳಿ, ಬಹಳ ಹೊತ್ತು ಬೆಲ್ಟಿನ ತುದಿಯನ್ನೇ ಸವರುತ್ತಿದ್ದಳು. "ಸುಳ್ಳು ಹೇಳಿದ್ದು ತಪ್ಪು. ಅವನ ಚರ್ಮ ಸುಲೀಬೇಕು. ಆದ್ರೆ ನಡೆದಿದ್ದು ನಿನ್ನ ಕಾಲು ತಾನೇ? ಅದೂ ಸುಳ್ಳಾ?"

ಆ ಸಂಜೆ ಶಿವಲಕ್ಷ್ಮಿ ಕುರಿಗಳ ಹಿಂದೆ ಹೊರಟಳು. ದಿಬ್ಬ ಹತ್ತಿ ನಿಂತಾಗ, ಮೊದಲು ಇಲ್ಲಿ ಮೂರು ಸಲ ಕೂರುತ್ತಿದ್ದೆ ಅನ್ನೋದು ನೆನಪಾಯಿತು.

ಆದರೆ ಅವನು? ಅವನನ್ನು ಎಲ್ಲಿ ಇಡೋದು...

*

ಮುಂದಿನ ಸಂತೆಗೆ ಕಾಳಿಯಮ್ಮ ಒಂದು ಟಗರು ಹಿಡಿದುಕೊಂಡು ಹೊರಟಳು. ಮಗಳೂ ಹೊರಟಳು. ಬೆಳಗಿನ ಜಾವವಲ್ಲ. ಹೊತ್ತು ನೆತ್ತಿಗೆ ಬಂದು, ಮೈದಾನದಲ್ಲಿ ಕಾಲಿಡೋಕೆ ಜಾಗವಿಲ್ಲದ ಹೊತ್ತು.

ಪೊನ್ನುಸ್ವಾಮಿಯ ಮಂಡಿ ಮುಂದೆ ಜನ ಮುಗಿಬಿದ್ದಿದ್ದರು. ಗಿರಿ ಮಿಷನ್ನಿನ ಹತ್ತಿರ ನಿಂತಿದ್ದ, ಅವನ ಟವೆಲ್ಲು ಮಿಷನ್ನಿನ ಮೇಲಿತ್ತು. ಗಡ್ಡ ಬೆಳೆದಿತ್ತು. ಶಿವಲಕ್ಷ್ಮಿಯನ್ನು ನೋಡಿ ಅವನ ಕೈ ನಿಂತುಹೋಯಿತು.

ಕಾಳಿಯಮ್ಮ ಟಗರನ್ನು ಪಂಜರಕ್ಕೆ ತಳ್ಳಿದಳು. ಪೊನ್ನುಸ್ವಾಮಿ ಬಾಗಿ ಅಂಕಿ ನೋಡಿದ. "ಇಪ್ಪತ್ತಾರು."

"ಏನು ಮೊದಲಾಳಿ, ಬೆಳಿಗ್ಗೆಯಿಂದ ಸಂತೆ ನೋಡಿ ನೋಡಿ ನನ್ನ ಟಗರು ಬಡವಾಗೋಯ್ತಾ?" ಅಂದಳು ಕಾಳಿಯಮ್ಮ.

ಸುತ್ತಲಿನವರು ನಕ್ಕರು. ಶಿವಲಕ್ಷ್ಮಿ ನಗಲಿಲ್ಲ. ಗಿರಿಯ ಕಣ್ಣಿಗೆ ಕಣ್ಣಿಟ್ಟು ಕೇಳಿದಳು.

"ಕಲ್ಲು ಐತಾ ತೂಕದವರೇ?"

ಅಷ್ಟೇ ಕೇಳಿದ್ದು. ಇಲ್ಲ ಅಂದುಬಿಡ್ತಾನೆ, ಈಗ ಇಲ್ಲ ಅಂತಾನೆ, ಅಲ್ಲಿಗೆ ಮುಗೀತು ಅಂತ ಅವಳ ಮನಸ್ಸು ಕೂಗುತ್ತಿತ್ತು.

ಗಿರಿ ಟಗರನ್ನು ಇಳಿಸಿದ. ಶೆಡ್ಡಿನ ಮೂಲೆಯಲ್ಲಿದ್ದ ಇಪ್ಪತ್ತು ಕಿಲೋ ತೂಕದ ಕಬ್ಬಿಣದ ಗುಂಡನ್ನು ಎತ್ತಿ ಪಂಜರದೊಳಗೆ ಇಟ್ಟ. ಅಂಕಿ ಕಾಣುವ ಡಬ್ಬಿಯನ್ನು ಜನರ ಕಡೆ ತಿರುಗಿಸಿದ.

ಹದಿನೆಂಟು.

ಜನರೆಲ್ಲರೂ ಒಟ್ಟಿಗೆ ಬಾಯಿ ಮಾಡಿದರು.

"ಏಯ್, ಏನ್ಲಾ ಮಾಡ್ತಿದ್ದೀಯ?" ಪೊನ್ನುಸ್ವಾಮಿ ಗಿರಿಯ ತೋಳು ಹಿಡಿದ. "ಅನ್ನ ತಿಂದ ಮನೆಗೆ ಮಣ್ಣು ಹಾಕ್ತೀಯಾ?"

ಗಿರಿ ತೋಳು ಬಿಡಿಸಿಕೊಂಡ. ಗುಂಡು ತೆಗೆದು ಸೊನ್ನೆ ಒತ್ತಿದ. ಮತ್ತೆ ಗುಂಡಿಟ್ಟ. ಸರಿಯಾಗಿ ಇಪ್ಪತ್ತು. "ಈಗ ಸರಿ ಐತೆ. ನಿಮ್ಮ ನಿಮ್ಮ ಕುರಿ ಇನ್ನೊಂದ್ಸಲ ತೂಗಿಸ್ಕೊಳ್ಳಿ," ಅಂದ ಜನರಿಗೆ.

ಗುಂಡು ಇಳಿಸುತ್ತಿದ್ದ ಹಾಗೇ ಶಿವಲಕ್ಷ್ಮಿ ಮುಂದೆ ಬಂದಳು. ಚಪ್ಪಲಿ ಬಿಟ್ಟಳು. ಅಷ್ಟು ಜನರ ಮುಂದೆ, ನೆತ್ತಿ ಮೇಲಿನ ಬಿಸಿಲಲ್ಲಿ, ಪಂಜರದೊಳಗೆ ಹತ್ತಿ ನಿಂತಳು. ಯಾರೋ ಕಿಸಕ್ ಅಂದರು. ಕಾಳಿಯಮ್ಮ ತಿರುಗಿ ನೋಡಿದ್ದೇ, ಆ ಸದ್ದು ನಿಂತಿತು.

"ಓದಿ," ಅಂದಳು ಗಿರಿಗೆ. "ಜೋರಾಗಿ."

ಗಿರಿ ಅಂಕಿ ನೋಡಿದ. ನಡುವೆ ಎರಡು ವಾರ ನಡೆದಿರಲಿಲ್ಲ ಅವಳು. ಅಂಕಿಗೂ ಅದು ಗೊತ್ತಿತ್ತು.

"ಎಂಬತ್ತೇಳು," ಅಂದ. ದನಿ ತಗ್ಗಿಸಲಿಲ್ಲ. "ಆಸ್ಪತ್ರೇಲಿ ಇದ್ದಿದ್ದಕ್ಕಿಂತ ಅರ್ಧ ಕಿಲೋ ಜಾಸ್ತಿ."

ಶಿವಲಕ್ಷ್ಮಿ ಸರಳು ಹಿಡಿದು ನಿಂತೇ ಇದ್ದಳು. ಅವಳು ಹೆದರಿದ್ದ ನಂಬರು, ಅವಳು ಹೆದರಿದ್ದ ಜನರ ಮುಂದೆ. ಕಾಲ ಕೆಳಗೆ ನೆಲ ಕುಸಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಅದು ನಂಬರಿಗೆ ಬಂದದ್ದಲ್ಲ.

"ಸರಿ," ಅಂದಳು. "ಇನ್ನು ಮೂರು ಕಿಲೋ." ಇಳಿದಳು.

ಗಿರಿ ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ಮಿಷನ್ನಿನ ಮೇಲಿಟ್ಟ.

"ಓಗು, ಓಗು," ಅಂತ ಕೂಗಿದ ಪೊನ್ನುಸ್ವಾಮಿ. "ಸಂಜೆ ಹೊಟ್ಟೆ ಹಸಿದ್ರೆ ನೀನಾಗೇ ಬರ್ತೀಯ."

ಗಿರಿ ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಕಾಳಿಯಮ್ಮ ಟಗರಿನ ಹಗ್ಗ ಬಿಗಿ ಹಿಡಿದು ಮಗಳ ಮುಖ ನೋಡಿದಳು. "ನನ್ನ ಟಗರು ಮತ್ತೆ ತೂಗಿಸ್ಕೊಂಡು ಬರ್ತೀನಿ. ನಿನ್ನ ಟಗರು ಓಗ್ತಾ ಐತೆ ನೋಡು."

ಶಿವಲಕ್ಷ್ಮಿ ಹೆಜ್ಜೆ ಹಾಕಿದಳು. ಮೈದಾನ ದಾಟಿ ಭದ್ರಕಾಳಿ ಗುಡಿಯ ರಸ್ತೆಯಲ್ಲಿ ಅವನನ್ನು ಹಿಡಿದಳು. ಏದುಸಿರು ಬರಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ಎಲ್ಲಿಗೆ?"

"ಗೊತ್ತಿಲ್ಲ." ಅವನು ನಿಂತ. "ನೀನು ನಂಗೆ ಮಾಫಿ ಮಾಡ್ಬೇಕಾಗಿಲ್ಲ. ನಿನ್ನ ಕಳ್ಕೊಳ್ಳೋ ಭಯಕ್ಕೆ ನಿನ್ನನ್ನೇ ಮೋಸ ಮಾಡ್ದೆ. ಇಷ್ಟ ಐತೆ ಅಂತ ಹೇಳೋಕೆ ಬಾಯಿ ಇರ್ಲಿಲ್ಲ. ಅದಕ್ಕೆ ಕಲ್ಲಿಟ್ಟೆ."

ಅವಳ ಕೋಪ ಇನ್ನೂ ಇತ್ತು, ಪೂರ್ತಿ ಹೋಗಿರಲಿಲ್ಲ. ಭಯವೂ ಇತ್ತು. ಎರಡು ತಿಂಗಳು, ಮೂರು ಕಿಲೋ, ಹೊಟ್ಟೆಯಲ್ಲಿ ಆ ಗಂಟು.

"ಇನ್ನೂ ನಿಲ್ತದೆ ಈ ತೂಕ," ಅಂದಳು. "ಏರ್ತದೆ. ನಾನು ಬಿಡ್ತೀನಿ ಅಂತ ಕೂಗಾಡ್ತೀನಿ. ಆಗ ಏನು ಮಾಡ್ತೀರಾ?"

ನೀವು ವಾಪಸು ಬಂದಿತ್ತು. ಅವನು ಅದನ್ನು ಕೇಳಿಸಿಕೊಂಡ.

"ಏರೈತೆ ಅಂತ ಹೇಳ್ತೀನಿ. ಆಮೇಲೆ ಕುರಿ ಹಿಂದೆ ನಿನ್ನ ಜೊತೆ ನಡೀತೀನಿ. ಅಷ್ಟೇ ಬರೋದು ನಂಗೆ."

"ಅಷ್ಟು ಸಾಕು."

"ಇನ್ಮುಂದೆ ತೂಕ ಎಲ್ಲಿ ನೋಡ್ತೀಯ?"

"ಬಸ್ ಸ್ಟ್ಯಾಂಡಲ್ಲಿ. ಕೂಗೋದಾದ್ರೆ ಕೂಗ್ಲಿ." ಅವಳು ಸೀರೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಇಷ್ಟು ದಿನ ನಾಲಿಗೆ ತುದಿಯವರೆಗೆ ಬಂದು ವಾಪಸು ಹೋಗುತ್ತಿದ್ದ ಒಂದು ಮಾತನ್ನು ಮೆತ್ತಗೆ ಆಡಿದಳು. "ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಮಾಮಾ."

ನಮ್ಮ ಕಡೆ ಹೆಣ್ಣು ತನ್ನ ಕೈಹಿಡಿಯುವವನನ್ನು ಕರೆಯುವ ಮಾತು ಅದು. ಗಿರಿ ಹೆಗಲ ಮೇಲೆ ಕೈಯಾಡಿಸಿದ, ಮುಖ ಒರೆಸಿಕೊಳ್ಳೋಕೆ. ಹೆಗಲು ಖಾಲಿ ಇತ್ತು.

"ಟವೆಲ್ಲು ಆ ಮಿಷನ್ನಿನ ಮೇಲೇ ಬಿಟ್ಟು ಬಂದ್ರಾ?"

"ಹೂಂ."

ಹಿಂದೆ ಸಂತೆಯಲ್ಲಿ ಪೊನ್ನುಸ್ವಾಮಿ ಇನ್ನೂ ಅವನ ಹೆಸರು ಹಿಡಿದು ಕೂಗುತ್ತಿದ್ದ.

"ಇರ್ಲಿ ಬಿಡು," ಅಂದ ಗಿರಿ.

ಅದನ್ನು ತರೋಕೂ ಅವನು ಆ ಶೆಡ್ಡಿಗೆ ವಾಪಸು ಹೋಗಲಿಲ್ಲ.